ಮೂರೆರಡರ ಕೋವಿಯ ಉಲಾಯೂಕಜ್ಜ

ಉತ್ತರ ಧ್ರುವದ ಹತ್ತಿರದ ಅವತಾಕ್ ಕೊಲ್ಲಿಯ ಉಲಾಯೂಕಳ ಬದುಕು ಹೇಳಹೊರಟರೆ ಅವಳ ತಾಯಿಯ ತಂದೆಯಿಂದ ಶುರುಮಾಡಬೇಕು, ಏಕೆಂದರೆ ಅವನ ಹೆಸರೂ ಉಲಾಯೂಕ್. ಬಿಳಿಯರ ತಿಮಿಂಗಿಲದ ಹಡಗಿನಲ್ಲಿ ಎರಡು ಬೇಸಗೆ ಹುಟ್ಟು ಹಾಕಿ, ಕೂಲಿಯ ಬದಲು ಒಂಟಿ ತೋಟಾದ ಕೋವಿಯೊಂದನ್ನು ಹೆಗಲಿಗೇರಿಸಿಕೊಂಡು ಬಂದವನು ಅವನು. ಗುಂಡು ಮುಗಿದಾಗ ಬಳಪದ ಕಲ್ಲಿನಲ್ಲಿ ಅಚ್ಚು ಕೊರೆದು, ಸೀಸ ಕರಗಿಸಿ ತಾನೇ ಎರಕ ಹೊಯ್ಯುತ್ತಿದ್ದ. ಆರಿದ ಗುಂಡನ್ನು ಹಲ್ಲಿನಿಂದ ಕಚ್ಚಿ ನೋಡಿ, ಮೆದುವಾದದ್ದು ಸೀಲಿಗೆ, ಗಟ್ಟಿಯಾದದ್ದು ಕರಡಿಗೆ ಎಂದು ಬೇರೆ ಬೇರೆ ಚೀಲಕ್ಕೆ ಹಾಕುತ್ತಿದ್ದ. ಹನ್ನೊಂದು ಮನೆಗಳು ಹಸಿದು ಮಲಗಿದ್ದ ಒಂದು ಚಳಿಗಾಲದಲ್ಲಿ ಒಂದೇ ಒಂದು ಗಡ್ಡದ ಸೀಲ್ ಹೊಡೆದು, ಹನ್ನೊಂದಕ್ಕೂ ಹಂಚಿ, ತಾನು ಈಜುರೆಕ್ಕೆಯ ತೊಗಲು ಅಗಿದುಕೊಂಡು ಕೂತವನು. ತನ್ನ ಗುಂಡು ತಾಗಿಯೂ ಬೀಳದೆ ಹೋದ ಕರಡಿಯೊಂದರ ಹಿಂದೆ ನಾಲ್ಕು ದಿನ ಒಬ್ಬನೇ ನಡೆದು, ಅದನ್ನು ಮುಗಿಸಿಯೇ ಮನೆಗೆ ಬಂದಾಗ ಅವನ ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು.

ಅವನ ಮಗಳು ಕುನ್ನೂಕ್. ಅವಳು ಹೊಲಿದ ಬೂಟಿಗೆ ನೀರು ತುಂಬಿಸಿ ಮೂಲೆಯಲ್ಲಿಟ್ಟರೆ ಮಾರನೆಯ ದಿನವೂ ನೆಲ ಒಣಗಿಯೇ ಇರುತ್ತಿತ್ತು. ಚರ್ಮವನ್ನು ಬೆಳಕಿಗೆ ಹಿಡಿದು ತೂತು ನೋಡಿದಳೆಂದರೆ ಹೊಡೆದವರು ಯಾರು, ಅವಸರದಲ್ಲಿ ಹೊಡೆದರೋ ಸಮಾಧಾನದಲ್ಲಿ ಹೊಡೆದರೋ ಎಂದು ಹೇಳಿಬಿಡುತ್ತಿದ್ದಳು. ಅವಳ ಗಂಡ ಪಾಡ್ಲುಕ್, ತೆಳು ಹಿಮ ಕುಸಿದು ನೀರಿಗೆ ಬಿದ್ದ ನಾಯಿಗಳ ಮಿಣಿ ಕತ್ತರಿಸಿ, ಏಳು ನಾಯಿಗಳನ್ನು ಮೇಲಕ್ಕೆ ಬಿಟ್ಟು ತಾನು ಕೆಳಗೆ ಹೋದವನು.

ಮುದುಕ ಉಲಾಯೂಕ್ ಶರತ್ಕಾಲದಲ್ಲಿ ತೀರಿಕೊಂಡ. ವಸಂತದಲ್ಲಿ ಕುನ್ನೂಕಳಿಗೆ ಹೆಣ್ಣು ಹುಟ್ಟಿತು. ಸತ್ತವನ ಹೆಸರನ್ನು ಹುಟ್ಟಿದವಳಿಗೆ ಇಟ್ಟರು. ಹೆಸರು ಬಂದಮೇಲೆ ಮನುಷ್ಯನೂ ಬಂದಂತೆಯೇ. ತಾಯಿ ಮಗುವಿಗೆ ಮೊಲೆ ಕೊಡುತ್ತ "ಕುಡಿಯಪ್ಪಾ, ಸಾಕಷ್ಟು ಹಸಿದಿದ್ದೀಯ" ಎನ್ನುತ್ತಿದ್ದಳು. ಗಂಡುಮಕ್ಕಳ ಅಂಗಿ ತೊಡಿಸಿದರು, ಕೂದಲು ಕತ್ತರಿಸಿದರು, ಮೈನೆರೆಯುವವರೆಗೂ ನಾಯಿಬಂಡಿಯ ಮೇಲೆ ಗಂಡಸರ ಪಕ್ಕದಲ್ಲಿ ಕೂರಿಸಿದರು. ಒಂಬತ್ತನೆಯ ವಯಸ್ಸಿಗೆ ಮೊದಲ ಸಾರಂಗ ಹೊಡೆದಳು. ಊರಿನ ಮಕ್ಕಳು ಮುದುಕರೆಲ್ಲ ಅವಳನ್ನು ಕರೆಯುತ್ತಿದ್ದುದು ಅಜ್ಜ ಎಂದೇ. ಮದುವೆಯಾಗಿ, ಮೂರು ಮಕ್ಕಳನ್ನು ಹೆತ್ತು, ಗಂಡನನ್ನು ಮಣ್ಣುಮಾಡಿ, ಅರವತ್ತಾರು ವರ್ಷದ ಹೆಂಗಸಾದಮೇಲೂ ಅವಳು ಉಲಾಯೂಕಜ್ಜ.

ಅಜ್ಜನ ಕೋವಿ ಸಣ್ಣದು. ನಳಿಗೆಯ ಮೇಲೆ ಎರಡರ ಅಂಕಿ ಮೂರು ಸಲ ಕೊರೆದಿದ್ದರಿಂದ ಊರವರು ಅದನ್ನು ಮೂರೆರಡು ಎಂದು ಕರೆಯುತ್ತಿದ್ದರು. ಅದರ ಗುಂಡು ಕಿರುಬೆರಳ ಉಗುರಿಗಿಂತ ದಪ್ಪವಿಲ್ಲ. ಗಂಡಸರು ಅದನ್ನು ನರಿಗೆ, ಮೊಲಕ್ಕೆ ಎಂದು ಇಟ್ಟುಕೊಂಡಿದ್ದರು. ಅಜ್ಜ ಮಾತ್ರ ಅದರಿಂದಲೇ ಸಾರಂಗ ಹೊಡೆಯುತ್ತಿದ್ದಳು. ನಲವತ್ತೊಂದರ ವಯಸ್ಸಿನಲ್ಲಿ ಹಿಮಗಾಡಿಯ ಹಲಗೆಯಡಿ ಸಿಕ್ಕಿ ಅವಳ ಹೆಗಲೆಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಗಂಡನ ದೊಡ್ಡ ಕೋವಿಯನ್ನು ಆಮೇಲೆ ಒಂದೇ ಸಲ ಹಾರಿಸಿದ್ದಳು. ಅದರ ಒದೆತಕ್ಕೆ ತಿಂಗಳುಗಟ್ಟಲೆ ಸೂಜಿ ಹಿಡಿಯಲಾಗಲಿಲ್ಲ. ಅಂದಿನಿಂದ ದೊಡ್ಡದು ಗೋಡೆಗೆ, ಸಣ್ಣದು ಕೈಗೆ.

"ಅಜ್ಜಾ, ನಿನ್ನ ಸೊಳ್ಳೆ ಕಚ್ಚಿದ್ರೆ ಸಾರಂಗ ಒಂದು ಸಲ ಕೆರ್ಕೊಂಡು ಮೇಯೋಕೆ ಹೋಗುತ್ತೆ ಅಷ್ಟೆ" ಎಂದು ಸೌಮಿ ಎಂಬವನು ಅಂಗಡಿಯ ಮುಂದೆ ಯಾವಾಗಲೂ ಛೇಡಿಸುತ್ತಿದ್ದ. ಅವನ ಕೋವಿಯ ತೋಟಾ ನಡುಬೆರಳಿನುದ್ದ.

"ನಿನ್ನ ಕೋವಿ ಹೊಡೆದ ಚರ್ಮ ನನ್ನ ಹತ್ರ ಹೊಲಿಯೋಕೆ ತರ್ತಾಳಲ್ಲ ನಿನ್ನ ಹೆಂಡ್ತಿ" ಎನ್ನುತ್ತಿದ್ದಳು ಅಜ್ಜ. "ಅದ್ರ ತೂತಿಗೆ ತೇಪೆ ಹಾಕೋಕೆ ಇನ್ನೊಂದು ಸಾರಂಗ ಹೊಡೀಬೇಕಾಗುತ್ತೆ ಕಣೋ."

ಅವಳ ಸೊಳ್ಳೆ ಕಚ್ಚಿದ ಸಾರಂಗ ಬೀಳುತ್ತಿತ್ತು. ಅದು ಕೋವಿಯ ಹೆಚ್ಚುಗಾರಿಕೆಯಲ್ಲ, ಗುಂಡನ್ನು ಆರಿಸುವುದರಲ್ಲಿ ಅವಳಿಗಿದ್ದ ಹಟ. ಇಂಗ್ಲಿಷು ಅವಳಿಗೆ ಬಾರದು, ಅಂಕಿ ಬರುತ್ತಿತ್ತು. ಆದರೆ ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ಚಿತ್ರವನ್ನೂ ನಂಬುವವಳಲ್ಲ. ಹಡಗಿನಲ್ಲಿ ಯಾವ ಹೊಸ ತೋಟಾ ಬಂದರೂ ಒಂದು ಪೆಟ್ಟಿಗೆ ತಂದು, ಹಳೆಯ ಸೀಲ್ ಚರ್ಮದ ಚೀಲಕ್ಕೆ ಒದ್ದೆ ಪಾಚಿಮಣ್ಣು ಗಿಡಿದು ತುಂಬಿ, ಅದರ ಮುಂದೆ ಸಾರಂಗದ ಹೆಗಲ ಹಲಗೆಯ ಮೂಳೆಯೊಂದನ್ನು ಕಟ್ಟುತ್ತಿದ್ದಳು. ಎಂಬತ್ತು ಹೆಜ್ಜೆ ಎಣಿಸಿ ಹಿಂದೆ ಹೋಗಿ ಮೂರು ಹೊಡೆಯುತ್ತಿದ್ದಳು. ಆಮೇಲೆ ಅರ್ಧಚಂದ್ರದ ಕತ್ತಿಯಿಂದ ಮಣ್ಣನ್ನು ಬಗೆದು ಗುಂಡು ಹುಡುಕಿ ತೆಗೆದು, ಅಂಗೈಯಲ್ಲಿ ಉರುಳಿಸಿ ನೋಡುತ್ತಿದ್ದಳು. ಮೈತುಂಬ ತಾಮ್ರದ ಅಂಗಿ ತೊಟ್ಟ ಗುಂಡು ಮೂಳೆಯನ್ನೂ ಚೀಲವನ್ನೂ ಸೂಜಿಯಂತೆ ತೂರಿ ಆಚೆ ಹೋಗಿರುತ್ತಿತ್ತು. ಅಂಥದ್ದು ತಾಗಿದ ಸಾರಂಗ ತನಗೇನಾಯಿತೆಂದು ತಿಳಿಯದೆ ಎರಡು ಗುಡ್ಡ ದಾಟಿ ಸಾಯುತ್ತದೆ. ಮೂಗಿನಲ್ಲಿ ಕುಳಿ ಇರುವ, ತೆಳ್ಳಗಿನ ಅಂಗಿಯ ನರಿಯ ಗುಂಡು ಮೂಳೆ ಮುಟ್ಟಿದ ಕೂಡಲೇ ಪುಡಿಪುಡಿ. ಚೀಲದೊಳಗೆ ಹುಡುಕಿದರೆ ಅಕ್ಕಿನುಚ್ಚಿನಂಥ ಸೀಸ. ಇವೆರಡರ ನಡುವೆ ಒಂದಿತ್ತು. ಮೂಗು ಮೊಂಡ, ತುದಿಯಲ್ಲಿ ಚೂರೇ ಸೀಸ ಕಾಣುತ್ತದೆ, ಅಂಗಿ ದಪ್ಪ, ತೂಕದ ಅಂಕಿ ಐವತ್ತೈದು. ಅದು ಮೂಳೆ ಒಡೆದು, ಅಣಬೆಯಂತೆ ಅರಳಿ, ಮಣ್ಣಿನೊಳಗೆ ಒಂದು ಮೊಳ ಹೋಗಿ ನಿಲ್ಲುತ್ತಿತ್ತು. ಅಜ್ಜ ಕೊಳ್ಳುತ್ತಿದ್ದುದು ಅದೊಂದನ್ನೇ. ಹೊಡೆಯುತ್ತಿದ್ದುದೂ ಎಂಬತ್ತು ಹೆಜ್ಜೆಯ ಒಳಗೆ, ಸಾರಂಗ ಅಡ್ಡಲಾಗಿ ನಿಂತಾಗ, ಮುಂಗಾಲಿನ ಹಿಂದೆ ಒಂದು ಗೇಣು ಬಿಟ್ಟು.

ಆ ವರ್ಷ ಹಡಗು ತಡವಾಯಿತು. ಆಗಸ್ಟ್ ಬಂದು ವಾರವಾದರೂ ಹಿಮದಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಎಂಬ ಸುದ್ದಿಯೇ. ಸಹಕಾರಿ ಅಂಗಡಿಯ ಕಪಾಟಿನಲ್ಲಿ ಮೂರೆರಡಕ್ಕೆ ಒಪ್ಪುವ ತೋಟಾ ಅಂತ ಉಳಿದದ್ದು ನರಿಯದ್ದು ಮಾತ್ರ. ಆಗಸ್ಟಿನ ಸಾರಂಗದ ಚರ್ಮವೋ, ಹಡಗಿಗಾಗಿ ಕಾದು ಕೂರುವಂಥದ್ದಲ್ಲ. ಕೂದಲು ಮೋಟಾಗಿ, ಒತ್ತಾಗಿ, ಚಳಿಗಾಲದ ಅಂಗಿಗೆ ಹೇಳಿ ಮಾಡಿಸಿದಂತೆ ಇರುವುದು ಮೂರೇ ವಾರ.

ಅದೇ ವಾರ ಬೇಟೆಗಾರರ ಸಂಘದ ಅಧ್ಯಕ್ಷ ತಾತಿಗಾ ಅಜ್ಜನ ಮನೆಗೆ ಬಂದ. ಅವನಿಗೆ ನಲವತ್ತು ದಾಟಿತ್ತು. ಅಜ್ಜನ ತಂಗಿಯ ಮಗ. ಹೆಸರಿನ ಪ್ರಕಾರ ಅವಳು ಅವನಿಗೆ ಮುತ್ತಜ್ಜನಾಗಬೇಕು, ಬಾಯಿತುಂಬ ಅಜ್ಜ ಎಂದೇ ಕರೆಯುತ್ತಿದ್ದ. ಬಾಗಿಲು ತಟ್ಟುವ ಪದ್ಧತಿ ಅಲ್ಲಿಲ್ಲ. ಒಳಗೆ ಬಂದು, ತಾನೇ ಚಹಾ ಬಗ್ಗಿಸಿಕೊಂಡು, ಬಾಣಲೆ ರೊಟ್ಟಿ ಮುರಿದು, ಅರ್ಧ ಲೋಟ ಕುಡಿದಮೇಲೆ ಬಾಯಿಬಿಟ್ಟ.

"ಈ ಬೇಸ್ಗೆ ಎರಡು ಸಾರಂಗ ಸಿಕ್ವು ಅಜ್ಜ. ಭುಜ ಒಡೆದು, ಹುಳ ಬಿದ್ದು, ಇನ್ನೂ ಜೀವ ಇತ್ತು. ಸಣ್ಣ ಕೋವಿ ಗಾಯ. ಸೌಮಿ ಚರ್ಮ ಎತ್ತಿಟ್ಟವ್ನೆ. ಶುಕ್ರವಾರದ ಸಭೇಲಿ ಇಡ್ತಾನಂತೆ."

"ಇಟ್ಟು?"

"ಸಣ್ಣ ಕೋವೀಲಿ ಯಾರೂ ದೊಡ್ಡ ಪ್ರಾಣಿ ಹೊಡೀಬಾರ್ದು ಅಂತ ನಿಯಮ ತರ್ಬೇಕು ಅಂತಾನೆ. ಅರ್ಧ ಜನ ಅವನ ಕಡೆ ಅವ್ರೆ."

ಅಜ್ಜ ಹೊಲಿಯುತ್ತಿದ್ದ ಬೂಟನ್ನು ಮಡಿಲಲ್ಲಿ ಇಳಿಸಿದಳು. ದೊಡ್ಡ ಕೋವಿ ಅವಳಿಂದ ಎತ್ತಲಾಗದು. ಸಣ್ಣದು ಹೋದರೆ ಅವಳ ಬೇಟೆಯೇ ಹೋದಂತೆ. ಅವಳೊಬ್ಬಳದ್ದೇ ಅಲ್ಲ, ಭುಜದಲ್ಲಿ ಕಸುವಿಲ್ಲದ ಇನ್ನೂ ನಾಲ್ಕಾರು ಹೆಂಗಸರು, ಇಬ್ಬರು ಮುದುಕರು ಅವಳನ್ನು ನೋಡಿಯೇ ಮೂರೆರಡು ಹಿಡಿದಿದ್ದರು.

"ನಾನು ಹೊಡೆದದ್ದು ಅಲ್ಲ ಅವು."

"ನಂಗೊತ್ತಿಲ್ವಾ? ಆದ್ರೆ ಸಭೇಲಿ ಬಾಯಿಮಾತು ನಡೆಯಲ್ಲ ಅಜ್ಜ. ನೀನೇ ಒಂದು ಚರ್ಮ ತಂದು ಅವನ ಚರ್ಮದ ಪಕ್ಕ ಇಡು."

"ತರ್ತೀನಿ. ಏಳು ತೋಟಾ ಅವೆ. ಏಳಕ್ಕೆ ಏಳು ಬೀಳಿಸ್ದೋಳು ನಾನು."

ತಾತಿಗಾ ಕಪಾಟಿನ ಮೇಲೆ ಅವಳು ತೋಟಾ ಹಾಕಿಡುತ್ತಿದ್ದ ತಂಬಾಕಿನ ತಗಡಿನ ಡಬ್ಬಿಯ ಕಡೆ ನೋಡಿದ. ಲೋಟ ಕೆಳಗಿಟ್ಟು ಎದ್ದುಹೋದ.

ಮಾರನೆಯ ದಿನ ಅಜ್ಜ ಗೆಳತಿ ಎಲಿಸಾಪಿಯ ಮನೆಯಿಂದ ಬಂದು ಡಬ್ಬಿ ಎತ್ತಿಕೊಂಡಾಗ ಕೈ ಕೆಳಗೆ ಜಗ್ಗಿತು. ಮುಚ್ಚಳ ತೆಗೆದರೆ ತೋಟಾಗಳು ತಲೆಕೆಳಗಾಗಿ, ಹಿತ್ತಾಳೆಯ ಬುಡ ಮೇಲೆ ಮಾಡಿ, ಕಿಕ್ಕಿರಿದು ಕೂತಿದ್ದವು. ಯಾರೋ ಬಂದು ತುಂಬಿ ಹೋಗಿದ್ದಾರೆ. ಅವಳ ಮುಖ ಅರಳಿತು. ಆ ಊರಿನಲ್ಲಿ ಮಾಂಸವಾಗಲಿ, ಎಣ್ಣೆಯಾಗಲಿ, ಕೊಟ್ಟವರು ಕೊಟ್ಟೆ ಎನ್ನುವುದಿಲ್ಲ, ತೆಗೆದುಕೊಂಡವರು ಕೊಟ್ಟದ್ದು ಯಾರೆಂದು ವಿಚಾರಿಸುವುದಿಲ್ಲ. ವಿಚಾರಿಸಿದರೆ ಕೊಟ್ಟವರ ತಲೆ ತಗ್ಗುತ್ತದೆ. ಬಂದದ್ದನ್ನು ಹೊರಳಿಸಿ ಪರೀಕ್ಷೆ ಮಾಡುವುದಂತೂ ಅನ್ನ ಹಾಕಿದವರ ಮುಂದೆಯೇ ತಟ್ಟೆ ಮೂಸಿದಂತೆ. ಅಂಗಡಿಯಿಂದ ತಂದ ಪೆಟ್ಟಿಗೆಯಾಗಿದ್ದರೆ ಅಜ್ಜ ಪಾಚಿಮಣ್ಣಿನ ಚೀಲ ಕಟ್ಟುತ್ತಿದ್ದಳು. ಇದು ಅಂಗಡಿಯದ್ದಲ್ಲ, ಮನುಷ್ಯರದ್ದು. ಹಾಗಾಗಿ ಮುಚ್ಚಳ ಒತ್ತಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡಳು.

ಬುಧವಾರ ಇಬ್ಬರು ಹೆಂಗಸರೂ ದೋಣಿಯಲ್ಲಿ ಕೊಲ್ಲಿಯ ತುದಿಗೆ ಹೋಗಿ, ಡೇರೆ ಹಾಕಿ, ಒಳನಾಡಿನ ಕಡೆ ನಡೆದರು. ಎಲಿಸಾಪಿಗೆ ಬೇಟೆ ಬೇಡ, ಬಂಡೆಗಳ ನಡುವಿನ ಕರಿಹಣ್ಣು ಬೇಕು. ಬಾಯಿ ಕಪ್ಪಗಾಗುವವರೆಗೆ ಹಣ್ಣು ತಿಂದು, ಉಳಿದದ್ದನ್ನು ತನ್ನ ಚೀಲಕ್ಕೆ ಹಾಕುತ್ತ, ಮಾತು ನಿಲ್ಲಿಸದೆ ಹಿಂದೆ ಬರುತ್ತಿದ್ದಳು.

"ನನ್ನ ಗಂಡ ಬದುಕಿದ್ದಾಗ ಹೇಳ್ತಿದ್ದ, ಉಲಾಯೂಕಜ್ಜನ್ನ ಮದ್ವೆ ಆಗಿದ್ರೆ ನಾನು ಮನೇಲಿ ಕೂತು ಚರ್ಮ ಹದ ಮಾಡ್ಬಹುದಿತ್ತು ಅಂತ."

"ನಿನ್ನ ಗಂಡ ಹದ ಮಾಡಿದ ಚರ್ಮ ನೋಡಿದೀನಿ. ತೊಟ್ಕೊಂಡ್ರೆ ಕರ್‌ಕರ್ ಅಂತಿತ್ತು. ಈಗ ಬಾಯ್ಮುಚ್ಚು, ಅಲ್ನೋಡು."

ತಗ್ಗಿನಲ್ಲಿ ಆರು ಗಂಡು ಸಾರಂಗಗಳು ಗಾಳಿಗೆ ಮುಖವಿಟ್ಟು ಮೇಯುತ್ತಿದ್ದವು. ಅಜ್ಜ ಮಂಡಿಯ ಮೇಲೆ ತೆವಳಿ ಬಂಡೆಯೊಂದರ ಮರೆಗೆ ಹೋದಳು. ಮೊದಲನೆಯದು ಅಡ್ಡ ತಿರುಗುವವರೆಗೆ ಕಾದು, ತನ್ನ ಹಳೆಯ ತೋಟಾ ಮೊದಲೇ ತುಂಬಿದ್ದ ಕೋವಿಯ ಕುದುರೆ ಎಳೆದಳು. ಸಣ್ಣ ಸದ್ದು, ಒಣಕಡ್ಡಿ ಮುರಿದಂತೆ. ಸಾರಂಗ ಹತ್ತು ಹೆಜ್ಜೆ ನಡೆದು, ಯೋಚನೆ ಮಾಡುವಂತೆ ನಿಂತು, ಮಂಡಿಯೂರಿತು. ಉಳಿದವು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅಜ್ಜ ಕಣ್ಣನ್ನು ಅವುಗಳ ಮೇಲಿಂದ ಕೀಳದೆ ಜೇಬಿಗೆ ಕೈಹಾಕಿ, ಡಬ್ಬಿಯಿಂದ ಎರಡು ತೋಟಾ ಎತ್ತಿ, ಬೆರಳಂದಾಜಿನಲ್ಲೇ ಕೋವಿಗೆ ತುಂಬಿದಳು.

ಎರಡನೆಯದು ಕೊಬ್ಬಿದ ಗಂಡು. ಬೆನ್ನಿನ ಕೂದಲು ಮಿರುಗುತ್ತಿತ್ತು. ಅವಳು ಕುದುರೆ ಎಳೆಯುವ ಕ್ಷಣಕ್ಕೆ ಅದು ಅರ್ಧ ಹೆಜ್ಜೆ ಅವಳ ಕಡೆ ತಿರುಗಿತು. ಗುಂಡು ಭುಜಕ್ಕೆ ಹೋಯಿತು. ಅದರಿಂದ ಅವಳೇನೂ ಬೆದರಲಿಲ್ಲ; ಅವಳ ಗುಂಡು ಹೆಗಲ ಹಲಗೆಯನ್ನು ಒಡೆದು ಒಳಗೆ ಹೋಗುತ್ತದೆ ಎಂದು ಎಷ್ಟೋ ಸಲ ನೋಡಿದ್ದಳು. ಆದರೆ ಕಿವಿಗೆ ಬಿದ್ದ ಸದ್ದು ಬೇರೆ. ಒದ್ದೆ ಹಲಗೆಗೆ ಅಂಗೈ ಅಪ್ಪಳಿಸಿದಂತೆ. ಸಾರಂಗ ಮುಗ್ಗರಿಸಿತು, ಬೀಳಲಿಲ್ಲ. ಮುಂಗಾಲೊಂದು ಬಟ್ಟೆಯಂತೆ ಜೋಲಾಡುತ್ತ, ಮೂರು ಕಾಲಿನಲ್ಲಿ ದಿಬ್ಬ ಹತ್ತಿ ಮರೆಯಾಯಿತು. ಹೋಗುವ ಮೊದಲು ಒಮ್ಮೆ ತಿರುಗಿ ಅವಳತ್ತ ನೋಡಿತು.

ಅಜ್ಜ ಕೋವಿ ಬಿಚ್ಚಿ ಎರಡನೆಯ ತೋಟಾ ಹೊರತೆಗೆದಳು. ಮೂಗಿನಲ್ಲಿ ಕುಳಿ. ಡಬ್ಬಿಯನ್ನು ಅಂಗಿಯ ಮೇಲೆ ಬೋರಲು ಹಾಕಿದಳು. ಅವಳ ಮೊಂಡುಮೂಗಿನವು ಆರು. ಉಳಿದ ಹದಿನೆಂಟೂ ನರಿಯವು.

"ಏನಾಯ್ತು?" ಎಂದಳು ಎಲಿಸಾಪಿ, ಹತ್ತಿರ ಬಂದು.

"ಕುರುಡಿ ಆದೆ ಕಣೆ. ನೋಡ್ದೆ ತುಂಬ್ಕೊಂಡೆ."

"ಯಾರು ಕೊಟ್ರು ಇವನ್ನ?"

"ಯಾರಾದ್ರೇನು. ನೀನು ಬಿದ್ದಿರೋದನ್ನ ಸುಲಿ. ನಾನು ಅದರ ಹಿಂದೆ ಹೋಗ್ತೀನಿ."

"ಒಬ್ಳೇನಾ? ಡೇರೇಲಿ ರೇಡಿಯೋ ಐತೆ. ತಾತಿಗಾನ್ನ ಕರೀತೀನಿ, ನಾಲ್ಕು ಜನ ಬಂದ್ರೆ ಸಂಜೆಯೊಳಗೆ ಸಿಗುತ್ತೆ."

"ನಾಲ್ಕು ಜನ ಬಂದ್ರೆ ಅದು ಇನ್ನೂ ನಾಲ್ಕು ಗುಡ್ಡ ಓಡುತ್ತೆ. ಮೂರು ಕಾಲಲ್ಲಿ." ಅಜ್ಜ ಆರು ತೋಟಾಗಳನ್ನು ಒಂದೊಂದಾಗಿ ಕಣ್ಣಿಗೆ ಹಿಡಿದು ನೋಡಿ ಎದೆಯ ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಡಬ್ಬಿಗೆ ಸುರಿದು ಮುಚ್ಚಳ ಒತ್ತಿದಳು. ಒಣಮೀನಿನ ಎರಡು ತುಂಡು ಸುತ್ತಿಕೊಂಡು ದಿಬ್ಬ ಹತ್ತಿದಳು.

ರಕ್ತ ಮೊದಮೊದಲು ಧಾರಾಳವಾಗಿತ್ತು, ಆಮೇಲೆ ಹನಿ, ಆಮೇಲೆ ಅದೂ ಇಲ್ಲ. ನಡುನಡುವೆ ಕಲ್ಲಿನ ಮೇಲೆ ಮೂಳೆಯ ಚೂರು, ಬಿಳಿಕೂದಲು. ಹೊಳೆಯೊಂದನ್ನು ದಾಟಿದ ಕಡೆ ಮರಳಿನಲ್ಲಿ ಮೂರು ಗೊರಸು ಮೂಡಿ, ನಾಲ್ಕನೆಯ ಕಾಲು ಎಳೆದ ಗೆರೆ ಇತ್ತು. ಅಜ್ಜ ಬೂಟು ಕಳಚಿ ಕೊರಳಿಗೆ ನೇತುಹಾಕಿಕೊಂಡು ಹೊಳೆ ದಾಟಿದಳು. ಸೊಟ್ಟ ಹೆಗಲೆಲುಬು ಕೋವಿಯ ಪಟ್ಟಿಯಡಿ ಚುಚ್ಚುತ್ತಿತ್ತು. ಸಭೆಯ ವಿಷಯ ಅವಳ ತಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳಾದೀತು. ಈ ಸಾರಂಗ ಸಿಗದೆ ಎಲ್ಲೋ ಸತ್ತು, ನಾಳೆ ಸೌಮಿಯ ಕಣ್ಣಿಗೆ ಬಿದ್ದರೆ ಮೂರನೆಯ ಚರ್ಮ ತಾನಾಗಿಯೇ ಸಭೆಗೆ ಬರುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಆ ತಿರುಗಿ ನೋಡಿದ ಮುಖ ಅವಳ ಎದೆ ಕೊರೆಯುತ್ತಿತ್ತು. ತನ್ನನ್ನು ತಾನೇ ಕೊಟ್ಟುಕೊಳ್ಳಲು ಬಂದ ಪ್ರಾಣಿಯನ್ನು ಅರ್ಧ ತೆಗೆದುಕೊಂಡು ಅರ್ಧ ಬಿಟ್ಟವರ ಹತ್ತಿರ ಮತ್ತೊಂದು ಏಕೆ ಬಂದೀತು?

ಮಾರನೆಯ ದಿನ ಹೊತ್ತು ನೆತ್ತಿಗೇರುವ ಮುಂಚೆ ಅದು ಸಿಕ್ಕಿತು. ಸಣ್ಣ ಕೆರೆಯೊಂದರಲ್ಲಿ ಹೊಟ್ಟೆಮಟ್ಟ ನೀರಿಗೆ ಇಳಿದು ನಿಂತಿತ್ತು, ನೋವಿಗೆ ತಂಪಾಗಲೆಂದೋ, ನೊಣ ತಪ್ಪಿಸಿಕೊಳ್ಳಲೆಂದೋ. ಅಜ್ಜನನ್ನು ನೋಡಿತು, ಓಡಲಿಲ್ಲ. ಅವಳು ಮೂವತ್ತು ಹೆಜ್ಜೆಯವರೆಗೆ ಹೋಗಿ, ಒದ್ದೆ ಕಲ್ಲಿನ ಮೇಲೆ ಕೂತು, ತೋಟಾದ ಮೂಗನ್ನು ಹೆಬ್ಬೆರಳಿನಿಂದ ಸವರಿ ನೋಡಿ ತುಂಬಿದಳು. ಕಿವಿಯ ಬುಡಕ್ಕೆ ಒಂದೇ ಹೊಡೆದಳು. ಆಮೇಲೆ ನೀರಿಗಿಳಿದು ಕೊಂಬು ಹಿಡಿದು ಎಳೆಯುತ್ತ ಅದರ ಹತ್ತಿರ ಏನೋ ಹೇಳಿದಳು. ಏನೆಂದು ಅವಳು ಯಾರಿಗೂ ಹೇಳಲಿಲ್ಲ.

ಹೊರೆ ಹೊತ್ತು ಡೇರೆಗೆ ಮರಳಿದಾಗ ಎಲಿಸಾಪಿ ಎರಡೂ ಚರ್ಮಗಳನ್ನು ಹಾಸಿ ನೋಡಿದಳು. ಮೊದಲನೆಯದರ ತೂತಿಗೆ ಕಿರುಬೆರಳು ಹೋಗುತ್ತಿರಲಿಲ್ಲ. ಎರಡನೆಯದರ ಭುಜದಲ್ಲಿ ಎರಡು ಅಂಗೈ ಅಗಲದ ಹರಕು, ಸುತ್ತ ಹೆಪ್ಪುಗಟ್ಟಿದ ನೆತ್ತರು.

"ಅಜ್ಜ, ಒಂದ್ಮಾತು ಹೇಳ್ತೀನಿ, ಬೈಬೇಡ" ಎಂದಳು. "ಪ್ರಾಣಿ ಸಿಕ್ತು, ಮುಗೀತು. ಮಾಂಸ ತಗೊಂಡು ಹೋಗೋಣ. ಈ ಚರ್ಮ ಮಾತ್ರ ಇಲ್ಲೇ ಕಲ್ಲಡಿ ಹಾಕ್ಬಿಡು. ಒಳ್ಳೇದು ಒಂದು ಐತಲ್ಲ, ಅದನ್ನ ಸಭೇಲಿ ಇಡು. ನನ್ನ ಬಾಯಿಂದ ಒಂದಕ್ಷರ ಹೊರಗ್ಬೀಳಲ್ಲ."

"ನಿನ್ನ ಬಾಯಿಂದನಾ?" ಎಂದಳು ಅಜ್ಜ. ಇಬ್ಬರೂ ನಕ್ಕರು. ನಗುತ್ತಲೇ ಅಜ್ಜ ಹರಕು ಚರ್ಮವನ್ನು ಮಡಿಸಿ ಒಳ್ಳೆಯದರ ಮೇಲೆ ಕಟ್ಟಿದಳು. ಭುಜದ ಮಾಂಸದಿಂದ ಕತ್ತಿಯಲ್ಲಿ ಬಗೆದು ತೆಗೆದ ಸೀಸದ ನುಚ್ಚನ್ನು, ತಾಮ್ರದ ಚೂರುಗಳನ್ನು ಚಹಾ ಲೋಟಕ್ಕೆ ಹಾಕಿ ಬಟ್ಟೆ ಕಟ್ಟಿದಳು.

ಶುಕ್ರವಾರ ಸಮುದಾಯದ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮಕ್ಕಳು ಕಾಲಡಿಯಲ್ಲಿ ಓಡುತ್ತಿದ್ದವು, ಚಹಾದ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಸೌಮಿ ತನ್ನ ಎರಡು ಚರ್ಮಗಳನ್ನು ಮೇಜಿನ ಮೇಲೆ ಹರವಿ, ಹೇಳಬೇಕಾದ್ದನ್ನು ಹೇಳಿದ. ಅವನು ಕೆಟ್ಟವನಲ್ಲ. ಹುಳ ಬಿದ್ದ ಪ್ರಾಣಿಯನ್ನು ತನ್ನ ಕೈಯಿಂದಲೇ ಮುಗಿಸಿ ಬಂದಿದ್ದ.

ಅಜ್ಜ ಎದ್ದು ತನ್ನ ಎರಡನ್ನೂ ಅವುಗಳ ಪಕ್ಕದಲ್ಲಿ ಹರವಿದಳು. ಲೋಟವನ್ನು ಬೋರಲು ಹಾಕಿದಳು. ಆಮೇಲೆ ಎದೆಯ ಜೇಬಿನಿಂದ ಒಂದು ಬಗೆಯ, ತಂಬಾಕಿನ ಡಬ್ಬಿಯಿಂದ ಇನ್ನೊಂದು ಬಗೆಯ ತೋಟಾ ತೆಗೆದು ಎರಡು ಸಾಲಾಗಿ ನಿಲ್ಲಿಸಿದಳು.

"ಈ ಎರಡೂ ನಾನೇ ಹೊಡೆದದ್ದು" ಎಂದಳು. "ಒಂದೇ ಕೋವಿ, ಒಂದೇ ದಿನ, ಒಂದೇ ಬಂಡೆ ಮರೆ. ಇದು ಈ ಮೊಂಡುಮೂಗಿಂದು. ಹತ್ತು ಹೆಜ್ಜೆಗೆ ಬಿತ್ತು. ಇದು ಈ ಕುಳಿಮೂಗಿಂದು. ಒಂದು ದಿನ ಪೂರ್ತಿ ಮೂರು ಕಾಲಲ್ಲಿ ನಡೀತು. ಸೌಮಿ ಚರ್ಮಾನೂ ನೋಡಿ, ನನ್ನ ಹರಕು ಚರ್ಮಾನೂ ನೋಡಿ, ಅಕ್ಕ ತಂಗಿ ಇದ್ದಂಗವೆ. ಹಡಗು ಬರ್ಲಿಲ್ಲ, ಅಂಗಡೀಲಿ ಇದ್ದದ್ದು ಇದೊಂದೇ, ಎಲ್ರೂ ಇದನ್ನೇ ತಗೊಂಡ್ರಿ. ಇದು ನರಿ ಗುಂಡು. ಮೂಳೆ ಕಂಡ್ರೆ ಪುಡಿಯಾಗುತ್ತೆ. ಬೇಕಾದ್ರೆ ಪಾಚಿಮಣ್ಣಿಗೆ ಹೊಡೆದು ತೋರಿಸ್ತೀನಿ."

ಜನ ಎದ್ದು ಬಂದು ಮೇಜಿನ ಸುತ್ತ ಮುತ್ತಿಕೊಂಡರು. ಒಬ್ಬರಿಂದೊಬ್ಬರಿಗೆ ತೋಟಾಗಳು ಕೈದಾಟಿದವು. ಸೌಮಿ ಸೀಸದ ನುಚ್ಚನ್ನು ಬೆರಳಿನಿಂದ ಹರಡಿ ಬಹಳ ಹೊತ್ತು ನೋಡಿದ.

"ಸರಿ ಅಜ್ಜ" ಎಂದ. "ಒಂದು ಕೇಳ್ತೀನಿ. ಹೊಸಾ ಪೆಟ್ಟಿಗೆ ಬಂದ್ರೆ ಮೂರು ಹೊಡೆದು ನೋಡ್ದೆ ಒಳಗೆ ಬಿಡೋಳಲ್ಲ ನೀನು. ಇದು ನಿನ್ನ ಡಬ್ಬಿಗೆ ಹೆಂಗೆ ಬಂತು?"

ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ತಾತಿಗಾನ ಮುಖ ಬೂದಿಯಾಗಿತ್ತು. ಅಜ್ಜ ಆ ಕಡೆ ಒಂದು ಸಲ ನೋಡಿದಳು. ಅಷ್ಟಕ್ಕೇ ಅವಳಿಗೆ ಅರ್ಥವಾಯಿತು. ಅವನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು.

"ಬಂದಿದ್ವು. ನಾನು ನೋಡ್ಲಿಲ್ಲ. ನೋಡ್ದೇ ಇದ್ದದ್ದಕ್ಕೆ ನನ್ನ ಕೋವಿ ಬರೋ ಆಗಸ್ಟ್‌ವರೆಗೂ ಗೋಡೆ ಮೇಲಿರುತ್ತೆ. ನನ್ನ ಕೈಗೆ ಏನು ಬೇಕಾದ್ರೂ ನಿಯಮ ಮಾಡಿ. ಸಣ್ಣ ಕೋವಿಗೆ ಮಾಡ್ಬೇಡಿ. ಗುಂಡಿಗೆ ಮಾಡಿ."

ಕೈಯೆತ್ತಿಸಿದರು. ಸಣ್ಣ ಕೋವಿಯಿಂದ ಸಾರಂಗ ಹೊಡೆಯಬಹುದು, ದಪ್ಪ ಅಂಗಿಯ ಮೊಂಡುಮೂಗಿನ ಗುಂಡಾದರೆ ಮಾತ್ರ. ಕರಡಿಗೂ ಕಸ್ತೂರಿ ಎತ್ತಿಗೂ ಬೇಡ ಎಂದು ನಿಶ್ಚಯವಾಯಿತು. ಕೈಯೆತ್ತಿದವರಲ್ಲಿ ಸೌಮಿಯೂ ಇದ್ದ. ಅಜ್ಜ ತನಗೆ ತಾನೇ ವಿಧಿಸಿಕೊಂಡದ್ದನ್ನು ಯಾರೂ ತಡೆಯಲಿಲ್ಲ. ಅದು ಅವಳ ಮಾತು, ಬರೆದುಕೊಂಡರು.

ಸಭೆ ಮುಗಿದು ಅಜ್ಜ ಚರ್ಮ ಸುತ್ತುತ್ತಿರುವಾಗ ತಾತಿಗಾ ಬಂದು ಕಟ್ಟನ್ನು ಅವಳ ಕೈಯಿಂದ ಎತ್ತಿಕೊಂಡ. ಇಬ್ಬರೂ ಸಮುದ್ರದ ದಂಡೆಗೆ ಹೊಂದಿಕೊಂಡ ಜಲ್ಲಿ ದಾರಿಯಲ್ಲಿ ಮನೆಯ ಕಡೆ ನಡೆದರು. ನಾಲ್ಕು ಮನೆ ದಾಟಿದರು.

"ನಾನು ಹಾಕಿದ್ದು ಅಜ್ಜ" ಎಂದ ತಾತಿಗಾ. "ನರಿಗೆ ಅಂತ ತಂದಿಟ್ಕೊಂಡಿದ್ದೆ. ನಿಂದು ಏಳೇ ಇತ್ತು. ಕೋವಿಗೆ ಒಪ್ಪಿದ್ರೆ ಎಲ್ಲಾ ಒಂದೇ ಅಂದ್ಕೊಂಡೆ. ನನ್ನ ದೊಡ್ಡದಕ್ಕೆ ಯಾವ್ದು ಹಾಕಿದ್ರೂ ಬೀಳುತ್ತೆ, ನೋಡೋ ಅಭ್ಯಾಸನೇ ಇಲ್ಲ."

"ಹ್ಞೂಂ."

"ನಾಳೆ ಬೆಳಗ್ಗೆ ಊರ ರೇಡಿಯೋದಲ್ಲಿ ಹೇಳ್ಬಿಡ್ತೀನಿ. ನನ್ನ ತೋಟಾ, ನನ್ನ ತಪ್ಪು ಅಂತ. ಅಧ್ಯಕ್ಷ ನಾನೇ ಹೇಳಿದ್ರೆ ಇನ್ನೊಂದು ಸಲ ಸಭೆ ಸೇರಿಸ್ತಾರೆ, ನಿನ್ನ ಮಾತು ನಿಂಗೆ ವಾಪಸ್ ಕೊಡ್ತಾರೆ. ಇನ್ನೂ ಎರಡು ವಾರ ಐತೆ ಚರ್ಮಕ್ಕೆ. ನೀನು ಹೋಗ್ಬಹುದು."

ಅಜ್ಜ ನಿಂತಳು. ಕೊಲ್ಲಿಯ ನೀರು ಇಳಿದು ಕೆಳಗೆ ಕಪ್ಪು ಕಲ್ಲುಗಳು ತೋರಿದ್ದವು. ಯಾರದೋ ನಾಯಿಗಳು ಊಟಕ್ಕೆ ಊಳಿಡುತ್ತಿದ್ದವು.

"ರೇಡಿಯೋದಲ್ಲಿ ನಾಳೆ ಗಾಳಿ ಯಾವ ಕಡೆಯಿಂದ ಅಂತ ಹೇಳು, ಸಾಕು" ಎಂದಳು. "ನೀನು ಕೊಟ್ಟೆ. ಕೊಡೋದು ತಪ್ಪು ಅಂತ ಊರಿಗೆ ಹೇಳ್ಬೇಕಾ? ಹಂಗೆ ಹೇಳಿದ್ರೆ ನಾಳೆಯಿಂದ ಒಬ್ಬರ ಡಬ್ಬಿಗೆ ಒಬ್ಬರು ಏನೂ ಹಾಕಲ್ಲ. ಸಾರಂಗ ತಿರುಗಿ ನೋಡಿದ್ದು ನನ್ನ ಮುಖ, ನಿಂದಲ್ಲ. ನೀನು ಎರಡು ಹೊಡೆದ್ರೆ ನಂಗೊಂದು ಚರ್ಮ ಕೊಡು, ಎಲ್ಲಾರಿಗೂ ಕೊಟ್ಟಂಗೆ. ತಗೋತೀನಿ, ಯಾರು ಕೊಟ್ರು ಅಂತ ಕೇಳಲ್ಲ. ಈ ತಪ್ಪಲ್ಲಿ ಮಾತ್ರ ಪಾಲು ಕೇಳ್ಬೇಡ ಮಗ, ಕೊಡಲ್ಲ. ಆ ಕಟ್ಟು ಇತ್ಲಾಗೆ ತಾ. ಅಷ್ಟೇನೂ ಭಾರ ಇಲ್ಲ, ನಾನೇ ಹೊತ್ಕೋತೀನಿ."